ಕರೆಯದೆ ಬರುವ ನೆಂಟರು

ಕಳೆದ ತಿಂಗಳು ಒಂದು ಭಾನುವಾರ ಮೈಸೂರಿಗೆ, ನನ್ನ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅಂಗಡಿಯವನು ಕೊಟ್ಟ ಚೀಟಿಯನ್ನು ಮನಸ್ಸಿನಲ್ಲೇ ಕೂಡಿ ನೋಡಿ, ಒಂದು ರೂಪಾಯಿ ಹೆಚ್ಚಾಗಿದ್ದರೂ ಅಲ್ಲೇ ನಿಂತು ಕೇಳುವ ಸ್ವಭಾವ ಆಕೆಯದು. ಆಕೆಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷಗಳಾದವು. ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಮಾತ್ರೆಗಳ ಸ್ಟೀಲು ಡಬ್ಬಿ ಸದಾ ಇರುತ್ತಿತ್ತು. ಅಂದು ಆ ಡಬ್ಬಿ ಅಲ್ಲಿರಲಿಲ್ಲ. ಅದರ ಸ್ಥಳದಲ್ಲಿ ಹಸಿರು ಬಣ್ಣದ ಮೂರು ಸೀಸೆಗಳು ಸಾಲಾಗಿ ನಿಂತಿದ್ದವು.

"ಇದೇನಕ್ಕ?" ಎಂದೆ.

"ಸಕ್ಕರೆಗೆ ಹೊಸ ಔಷಧಿ ಕಣೋ. ಮೂರು ಸೀಸೆ ಮುಗಿಸಿದರೆ ಜನ್ಮದಲ್ಲಿ ಮತ್ತೆ ಮಾತ್ರೆ ಬೇಡವಂತೆ. ಮಾತ್ರೆಯ ಜೊತೆಗೆ ಸೇವಿಸಬಾರದೆಂದು ಬರೆದಿದ್ದರು. ಅದಕ್ಕೇ ಅದನ್ನು ನಿಲ್ಲಿಸಿದೆ."

"ನಿಲ್ಲಿಸಿ ಎಷ್ಟು ದಿನವಾಯಿತು?"

"ಇವತ್ತಿಗೆ ಹತ್ತೊಂಬತ್ತು ದಿನ."

ಭಾವನವರು ಪತ್ರಿಕೆಯಿಂದ ತಲೆಯೆತ್ತಿ, "ಓ, ಅದಕ್ಕೇ ಏನು! ರಾತ್ರಿ ನಾಲ್ಕು ಸಲ ನೀರು ಕುಡಿಯಲು ಏಳುತ್ತಿದ್ದಾಳೆ. ಬೇಸಿಗೆಯ ಸೆಕೆ ಎಂದುಕೊಂಡಿದ್ದೆ" ಎಂದರು. ಬೆರಳ ತುದಿಯಿಂದ ರಕ್ತ ತೆಗೆದು ಮನೆಯಲ್ಲೇ ಇದ್ದ ಯಂತ್ರದಲ್ಲಿ ನೋಡಿದೆವು. ೩೬೮ ಎಂದು ತೋರಿಸಿತು. ಅಕ್ಕನ ಮುಖದ ಬಣ್ಣ ಇಳಿಯಿತು. ಅಂದು ಸಂಜೆಯೇ ವೈದ್ಯರ ಮನೆಗೆ ಓಡಿದೆವು. ಅವರು ಬೈಯಲಿಲ್ಲ. "ಇನ್ನು ಕೆಲವು ದಿನ ಹೀಗೆಯೇ ಹೋಗಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತಿತ್ತು" ಎಂದಷ್ಟೇ ಹೇಳಿ, ಹಳೆಯ ಮಾತ್ರೆಗಳನ್ನು ಮತ್ತೆ ಬರೆದುಕೊಟ್ಟರು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ: "ಲೆಕ್ಕದ ಮೇಷ್ಟ್ರು ನೀನು. ಇಂಥದ್ದನ್ನು ಹೇಗೆ ನಂಬಿದೆ?"

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದಳು: "ಬೀದಿಯಲ್ಲಿ ಬಿದ್ದ ಕಾಗದವನ್ನು ನಂಬಿದೆನೇ? ದೊಡ್ಡ ಪತ್ರಿಕೆಯ ಪುಟದಲ್ಲೇ ಇತ್ತು. ಹುಳಿ ಅವಲಕ್ಕಿ ಮಾಡುವ ವಿಧಾನ ಓದುತ್ತಿದ್ದೆ, ನಡುವೆ ಬಂತು. ಹೆಸರಾಂತ ಡಾಕ್ಟರೊಬ್ಬರು ತಾವೇ ಕುಳಿತು ಮಾತನಾಡಿದರು. ಪತ್ರಿಕೆಯವರು ಸುಳ್ಳನ್ನು ಹಾಕುತ್ತಾರೆಯೇ?"

ಈ ಪ್ರಶ್ನೆ ನನ್ನನ್ನು ಬೆಂಗಳೂರಿನವರೆಗೂ ಬಿಡಲಿಲ್ಲ. ಈ ವಾರದ ಅಂಕಣವನ್ನು ಅದಕ್ಕೆ ಉತ್ತರವಾಗಿ ಬರೆಯುತ್ತಿದ್ದೇನೆ. ಅಂತರಜಾಲದಲ್ಲಿ ಓದುವ ವಾಚಕರಿಗೆಲ್ಲ ಈ ಕರೆಯದೆ ಬರುವ ನೆಂಟರ ಪರಿಚಯವಿದೆ. ಸಾರಿನ ಪುಡಿಯ ಅಳತೆ ಹುಡುಕುವಾಗ ಮಧ್ಯೆ ನುಗ್ಗುವವರು, ಮಗು ಶಾಲೆಯ ಪಾಠ ನೋಡುತ್ತಿರುವಾಗ ಅಸಭ್ಯ ಚಿತ್ರ ಹಿಡಿದು ನಿಲ್ಲುವವರು, "ನಿಮ್ಮ ಫೋನಿನಲ್ಲಿ ಹದಿಮೂರು ವೈರಸ್‌ಗಳಿವೆ" ಎಂದು ಹೆದರಿಸುವವರು. ಬಾಗಿಲು ಹಾಕಹೋದರೆ ಕಾಲು ಅಡ್ಡವಿಡುವ ಜಾತಿ ಇದು.

ಗೋಡೆ ಯಾರದು, ಬರಹ ಯಾರದು?

ಅಕ್ಕನ ತಪ್ಪು ಎಲ್ಲಿ ಎಂದು ಯೋಚಿಸಿದರೆ, ಅದು ಒಂದು ಒಳ್ಳೆಯ ಅಭ್ಯಾಸದಲ್ಲಿಯೇ ಇದೆ. ಅಚ್ಚಿನ ಪತ್ರಿಕೆಯಲ್ಲಿ ಜಾಹೀರಾತು ಬರಬೇಕಾದರೆ ಯಾರೋ ಒಬ್ಬರು ಅದನ್ನು ತಂದುಕೊಡಬೇಕು, ಕಾರ್ಯಾಲಯದಲ್ಲಿ ಒಬ್ಬರು ಓದಬೇಕು, ಅಚ್ಚಿಗೆ ಜೋಡಿಸಬೇಕು. ಅಲ್ಲಿಯೂ ಸುಳ್ಳುಗಳು ನುಸುಳದೆ ಇರಲಿಲ್ಲ. ಆದರೆ ಪ್ರಕಟವಾದದ್ದು ಏನೆಂಬುದು ಪತ್ರಿಕೆಯವರಿಗೆ ಗೊತ್ತಿರುತ್ತಿತ್ತು. ನಾಳೆ ಹೋಗಿ ಕೇಳಿದರೆ ಉತ್ತರ ಹೇಳಲು ಒಬ್ಬ ಮನುಷ್ಯ ಇರುತ್ತಿದ್ದ. ಈ ಭರವಸೆಯನ್ನೇ ನಾವು ಗಾಜಿನ ಪರದೆಯ ಮೇಲಿನ ಪುಟಕ್ಕೂ ಕೊಂಡೊಯ್ದಿದ್ದೇವೆ. ಅಲ್ಲಿ ನಡೆಯುವ ವ್ಯವಹಾರವೇ ಬೇರೆ.

ನಾವು ಒಂದು ಪುಟವನ್ನು ತೆರೆಯಲು ಬೆರಳೊತ್ತಿದ ಕ್ಷಣದಲ್ಲಿ, ಆ ಪುಟದ ಖಾಲಿ ಚೌಕಗಳು ಹರಾಜಿಗೆ ಹೋಗುತ್ತವೆ. ಅಡಿಕೆ ಮಂಡಿಯಲ್ಲಿ ಮೂಟೆಯನ್ನಿಟ್ಟು ಕೂಗುವಂತೆ, ಇಲ್ಲಿ ಓದುಗನನ್ನೇ ಇಟ್ಟು ಕೂಗುತ್ತಾರೆ: ಮೈಸೂರಿನಲ್ಲಿರುವ ಒಬ್ಬರು, ಇಂಥ ಫೋನು, ಕನ್ನಡ ಓದುತ್ತಾರೆ, ಮೊನ್ನೆ ಮೆಂತ್ಯದ ನೀರಿನ ಬಗ್ಗೆ ಹುಡುಕಿದ್ದರು, ಯಾರು ಎಷ್ಟು ಕೊಡುತ್ತೀರಿ? ಕೂಗುವವರೂ ಯಂತ್ರಗಳು, ಕೊಳ್ಳುವವರೂ ಯಂತ್ರಗಳು. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಹರಾಜು ಮುಗಿದು, ಹೆಚ್ಚು ಬೆಲೆ ಕೂಗಿದವನ ಜಾಹೀರಾತು ಬಂದು ಕೂರುತ್ತದೆ. ಪಕ್ಕದ ಮನೆಯವರು ಅದೇ ಪುಟವನ್ನು ಅದೇ ನಿಮಿಷದಲ್ಲಿ ತೆರೆದರೆ ಅವರಿಗೆ ಕಾಣುವುದು ಬೇರೆಯೇ ಜಾಹೀರಾತು. ಹೀಗಾಗಿ ಅಕ್ಕನಿಗೆ ಕಂಡದ್ದನ್ನು ಆ ಪತ್ರಿಕೆಯ ಸಂಪಾದಕರು ಕಂಡೇ ಇರಲಾರರು. ಗೋಡೆ ಅವರದು, ಅದರ ಮೇಲೆ ಯಾರು ಏನು ಬರೆದು ಹೋದರೆಂಬುದು ಅವರಿಗೆ ತಿಳಿಯದು.

ಇದು ಸಣ್ಣ ತಾಣಗಳ ದೌರ್ಬಲ್ಯವೇನೂ ಅಲ್ಲ. ೨೦೧೬ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿ ಮೊದಲಾದ ಪ್ರತಿಷ್ಠಿತ ಸಂಸ್ಥೆಗಳ ತಾಣಗಳಲ್ಲಿಯೇ ಈ ದಾರಿಯಿಂದ ಬಂದ ಜಾಹೀರಾತುಗಳು, ಗಣಕದ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶವನ್ನು ಓದುಗರ ಯಂತ್ರಗಳಿಗೆ ಸಾಗಿಸಲು ಯತ್ನಿಸಿದವು. ಆ ಸಂಸ್ಥೆಗಳಿಗೇ ತಮ್ಮ ಪುಟಗಳಲ್ಲಿ ಏನು ನಡೆಯುತ್ತಿದೆಯೆಂಬ ಅರಿವು ಇರಲಿಲ್ಲ. ಇನ್ನು ನನ್ನ ಅಕ್ಕನ ಗತಿಯೇನು?

ಮೊದಲು ಹೀಗಿರಲಿಲ್ಲ

ಅಂತರಜಾಲದ ಮೊದಲ ಪಟ್ಟಿ ಜಾಹೀರಾತುಗಳು ೧೯೯೪ರ ಅಕ್ಟೋಬರ್ ೨೭ರಂದು ಅಮೆರಿಕದ 'ಹಾಟ್‌ವೈರ್ಡ್' ಎಂಬ ತಾಣದಲ್ಲಿ ಕಾಣಿಸಿಕೊಂಡವು. ಅವುಗಳಲ್ಲಿ ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಸಂಸ್ಥೆಯದು ಪ್ರಸಿದ್ಧವಾಗಿದೆ. ಅದನ್ನು ನೋಡಿದ ನೂರು ಜನರಲ್ಲಿ ೪೪ ಮಂದಿ ಒತ್ತಿ ನೋಡಿದರೆಂದು ಹೇಳುವುದುಂಟು. ಹೊಸ ಆಟಿಕೆಯನ್ನು ಯಾರು ತಾನೇ ಮುಟ್ಟಿ ನೋಡುವುದಿಲ್ಲ? ಆ ಕುತೂಹಲ ಬೇಗ ಸತ್ತಿತು. ಜನ ಒತ್ತುವುದನ್ನು ನಿಲ್ಲಿಸಿದಂತೆಲ್ಲ ಜಾಹೀರಾತಿನ ಕೂಗು ಹೆಚ್ಚಾಯಿತು.

ಅದೇ ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬ ತಂತ್ರಜ್ಞ 'ಕುಕ್ಕಿ' ಎಂಬ ಪುಟ್ಟ ಗುರುತಿನ ಚೀಟಿಯನ್ನು ಕಂಡುಹಿಡಿದ. ಗಿರಾಕಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಾಗ ಅವನು ಬುಟ್ಟಿಗೆ ಹಾಕಿದ ಸಾಮಾನನ್ನು ಅಂಗಡಿ ಮರೆಯಬಾರದು, ಅಷ್ಟೇ ಉದ್ದೇಶ. ನೆನಪಿಗಾಗಿ ಮಾಡಿದ ಚೀಟಿ ಕ್ರಮೇಣ ಬೇಹುಗಾರಿಕೆಗೆ ಬಳಕೆಯಾಯಿತು. ಜಾಹೀರಾತಿನ ಮಧ್ಯವರ್ತಿಗಳು ಅದನ್ನು ನೂರಾರು ತಾಣಗಳಲ್ಲಿ ಓದುಗನ ಹೆಜ್ಜೆಯನ್ನು ಹಿಂಬಾಲಿಸಲು ಉಪಯೋಗಿಸಿದರು.

ಪುಟದ ಮೇಲೆ ದಿಢೀರನೆ ಎದ್ದು ನಿಲ್ಲುವ 'ಪಾಪ್-ಅಪ್' ಕಿಟಕಿಯ ಕಥೆ ಇನ್ನೂ ಸ್ವಾರಸ್ಯಕರ. ತೊಂಬತ್ತರ ದಶಕದಲ್ಲಿ 'ಟ್ರೈಪಾಡ್' ಎಂಬ ತಾಣದಲ್ಲಿ ಈಥನ್ ಝುಕರ್‌ಮನ್ ಎಂಬ ತರುಣ ಕೆಲಸ ಮಾಡುತ್ತಿದ್ದ. ಒಂದು ಮೋಟಾರು ಕಂಪನಿಯ ಜಾಹೀರಾತು ಯಾರೋ ಬರೆದ ಅಶ್ಲೀಲ ಪುಟದ ಮೇಲೆ ಬಂದುಬಿಟ್ಟಿತು. ಕಂಪನಿಯವರು ಕೆರಳಿದರು. ಜಾಹೀರಾತನ್ನು ಪುಟದಿಂದ ಬೇರ್ಪಡಿಸಿ, ಅದಕ್ಕೆ ಅದರದೇ ಒಂದು ಕಿಟಕಿಯನ್ನು ತೆರೆದರೆ ಇಬ್ಬರಿಗೂ ಸಂಬಂಧವಿಲ್ಲದಂತೆ ಕಾಣುತ್ತದೆಂದು ಆತ ಉಪಾಯ ಹೂಡಿದ. ಸಭ್ಯ ಜಾಹೀರಾತನ್ನು ಅಸಭ್ಯ ಪುಟದಿಂದ ಕಾಪಾಡಲು ಹುಟ್ಟಿದ ಸಾಧನ, ಮುಂದೆ ಸಭ್ಯ ಪುಟಗಳ ಮೇಲೆ ಅಸಭ್ಯ ಜಾಹೀರಾತನ್ನು ಕೂರಿಸುವ ಸಾಧನವಾಯಿತು. ೨೦೧೪ರಲ್ಲಿ ಆತ ಒಂದು ಪ್ರಬಂಧ ಬರೆದು ಜಗತ್ತಿನ ಕ್ಷಮೆ ಕೇಳಿದ. ತನ್ನ ಉದ್ದೇಶ ಒಳ್ಳೆಯದಾಗಿತ್ತೆಂದೂ ಹೇಳಿಕೊಂಡ. ಎಷ್ಟೋ ಕೆಡುಕುಗಳ ಜಾತಕವನ್ನು ತೆಗೆದು ನೋಡಿದರೆ ಮೊದಲ ಮನೆಯಲ್ಲಿ ಒಳ್ಳೆಯ ಉದ್ದೇಶವೇ ಕುಳಿತಿರುತ್ತದೆ.

ಕೆಟ್ಟ ನೆಂಟರ ಲಕ್ಷಣಗಳು

ಜಾಹೀರಾತುಗಳೆಲ್ಲ ಕೆಟ್ಟವಲ್ಲ. ಸೀರೆಯ ಅಂಗಡಿಯವನು ಆಷಾಢದ ರಿಯಾಯಿತಿಯನ್ನು ಸಾರಿದರೆ ಅದರಿಂದ ಯಾರಿಗೂ ಹಾನಿಯಿಲ್ಲ. ನಾವು ಗುರುತಿಸಿ ದೂರವಿಡಬೇಕಾದವರು ಬೇರೆ.

ಮೊದಲನೆಯವನು ಸುಳ್ಳು ಬಾಗಿಲಿನವನು. ಜಾಹೀರಾತನ್ನು ಮುಚ್ಚಲು ಮೂಲೆಯಲ್ಲಿ ಒಂದು ಗುಣಾಕಾರ ಚಿಹ್ನೆ ಇರುತ್ತದೆ. ಕೆಲವು ಕಡೆ ಅದು ಸಾಸಿವೆ ಕಾಳಿನಷ್ಟು ಚಿಕ್ಕದು, ಬೆರಳು ಪಕ್ಕಕ್ಕೆ ಬಿದ್ದೇ ಬೀಳುತ್ತದೆ. ಇನ್ನು ಕೆಲವು ಕಡೆ ಅದು ಚಿಹ್ನೆಯೇ ಅಲ್ಲ, ಚಿಹ್ನೆಯ ಚಿತ್ರ. ಮುಚ್ಚಲೆಂದು ಒತ್ತಿದರೆ ತೆರೆಯುತ್ತದೆ.

ಎರಡನೆಯವನು ಹೆದರಿಸುವವನು. ನಿಮ್ಮ ಫೋನಿಗೆ ವೈರಸ್ ತಗುಲಿದೆ, ಎರಡು ನಿಮಿಷದೊಳಗೆ ಇದನ್ನು ಒತ್ತದಿದ್ದರೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ ಎಂದು ಕೆಂಪಕ್ಷರದಲ್ಲಿ ಬರೆದು, ಗಡಿಯಾರವನ್ನೂ ಓಡಿಸುತ್ತಾನೆ. ಬ್ರೌಸರಿನ ಒಂದು ಪುಟಕ್ಕೆ ನಿಮ್ಮ ಫೋನಿನ ಒಳಗನ್ನು ಹೀಗೆ ಪರೀಕ್ಷಿಸುವ ಶಕ್ತಿಯಿಲ್ಲ. ಇದೊಂದನ್ನು ನೆನಪಿನಲ್ಲಿಟ್ಟರೆ ಅರ್ಧ ಭಯ ಕಳೆಯುತ್ತದೆ.

ಮೂರನೆಯವನು ಅನುಮತಿ ಬೇಡುವವನು. "ನೀವು ಯಂತ್ರವಲ್ಲವೆಂದು ತೋರಿಸಲು 'ಅಲೋ' ಒತ್ತಿ" ಎಂದು ವಿನಯದಿಂದ ಕೇಳುತ್ತಾನೆ. ಒತ್ತಿದಿರೋ, ಆ ತಾಣಕ್ಕೆ ನಿಮ್ಮ ಫೋನಿಗೆ ಹೊತ್ತುಗೊತ್ತಿಲ್ಲದೆ ಸೂಚನೆ ಕಳಿಸುವ ಹಕ್ಕು ಬಂತು. ಪುಟವನ್ನು ಮುಚ್ಚಿದ ಮೇಲೂ, ಮಧ್ಯರಾತ್ರಿಯಲ್ಲೂ, 'ಟಣ್' ಎಂದು ಬಾಗಿಲು ಬಡಿಯುತ್ತಾನೆ. ಅಕ್ಕನ ಫೋನಿನಲ್ಲಿ ಇಂಥ ಅನುಮತಿ ಪಡೆದ ತಾಣಗಳನ್ನು ಎಣಿಸಿದೆ; ಇಪ್ಪತ್ತೇಳು ಇದ್ದವು. ಒಂದಕ್ಕೂ ತಾನು ಅನುಮತಿ ಕೊಟ್ಟದ್ದು ಆಕೆಗೆ ನೆನಪಿರಲಿಲ್ಲ.

ನಾಲ್ಕನೆಯವನು ಎಲ್ಲರಿಗಿಂತ ಅಪಾಯಕಾರಿ: ದೊಡ್ಡವರ ವೇಷ ಹಾಕುವವನು. ಇಂದು ಒಬ್ಬರ ಮುಖವನ್ನೂ ಕಂಠವನ್ನೂ ಗಣಕದಿಂದ ನಕಲು ಮಾಡಿ, ಅವರು ಆಡದ ಮಾತನ್ನು ಆಡಿಸಬಹುದು. ೨೦೨೩ರ ಡಿಸೆಂಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು, ತಾನಾಗಿ ಷೇರು ವ್ಯಾಪಾರ ಮಾಡಿ ಲಾಭ ತರುವವೆಂಬ ಆ್ಯಪ್‌ಗಳನ್ನು ತಾವು ಹೊಗಳಿದಂತೆ ತೋರಿಸುವ ಸುದ್ದಿಗಳೂ ವೀಡಿಯೋಗಳೂ ಸುಳ್ಳೆಂದು ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಅಕ್ಕನ 'ಡಾಕ್ಟರ್' ಕೂಡ ಇದೇ ಬಣ್ಣದ ಮನೆಯಿಂದ ಬಂದವರು. ನಾನು ಆ ವೀಡಿಯೋವನ್ನು ಮತ್ತೆ ಹಾಕಿ ತೋರಿಸಿದೆ. "ತುಟಿಯನ್ನು ನೋಡು, ಮಾತನ್ನು ಕೇಳು" ಎಂದೆ. ತುಟಿ ಒಂದು ದಾರಿ ಹಿಡಿದಿತ್ತು, ಮಾತು ಒಂದು ದಾರಿ. ಅಕ್ಕ ಮೂರು ಸಲ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆದರೆ ತುಟಿ ಮಾತಿಗೆ ಸರಿಯಾಗಿ ಹೊಂದುವಂತೆ ಮಾಡುವ ಕೌಶಲವೂ ದಿನೇದಿನೇ ಬೆಳೆಯುತ್ತಿದೆ. ಆದ್ದರಿಂದ ಕಣ್ಣಿನ ಪರೀಕ್ಷೆಯೊಂದನ್ನೇ ನಂಬಿಕೊಂಡಿರುವುದು ಕ್ಷೇಮವಲ್ಲ. ಹೆಸರಾಂತ ವೈದ್ಯರು ಸೀಸೆ ಮಾರುವುದಿಲ್ಲ, ಶ್ರೀಮಂತರು ಅಪರಿಚಿತರಿಗೆ ಸಂಪತ್ತಿನ ಗುಟ್ಟು ಹೇಳುವುದಿಲ್ಲ ಎಂಬ ಲೋಕಜ್ಞಾನವೇ ಮೇಲು.

ಬಾಗಿಲಿಗೆ ಅಗಳಿ

ಅಂದು ರಾತ್ರಿ ಊಟವಾದ ಮೇಲೆ ಅಕ್ಕನ ಫೋನನ್ನು ಮುಂದಿಟ್ಟುಕೊಂಡು ಕುಳಿತೆವು. ಒಂದು ಗಂಟೆಯೊಳಗೆ ಮುಗಿದ ಕೆಲಸ. ವಾಚಕರಿಗೂ ಉಪಯೋಗವಾದೀತೆಂದು ಕ್ರಮವಾಗಿ ಹೇಳುತ್ತೇನೆ. ಫೋನಿನಿಂದ ಫೋನಿಗೆ ಹೆಸರುಗಳೂ ದಾರಿಗಳೂ ಸ್ವಲ್ಪ ವ್ಯತ್ಯಾಸವಾಗಬಹುದು.

ಮೊದಲು, ಆ ಅನುಮತಿಗಳನ್ನು ಕಿತ್ತೆವು. ಕ್ರೋಮ್ ಬ್ರೌಸರಿನ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಇಪ್ಪತ್ತೇಳನ್ನೂ ತೆಗೆದು, ಇನ್ನು ಮುಂದೆ ಯಾರೂ ಕೇಳದಂತೆ ಮುಚ್ಚಿದೆವು. ಅದೇ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಪಾಪ್-ಅಪ್‌ಗಳನ್ನೂ, ಮಿತಿಮೀರಿದ ಜಾಹೀರಾತುಗಳನ್ನೂ ತಡೆಯುವ ಗುಂಡಿಗಳಿವೆ. ಅವು ತಡೆಯುವ ಸ್ಥಿತಿಯಲ್ಲಿವೆಯೇ ಎಂದು ನೋಡಿದೆವು.

ಎರಡನೆಯದಾಗಿ, ಬ್ರೌಸರನ್ನೇ ಬದಲಾಯಿಸಿದೆವು. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಜಾಹೀರಾತು ತಡೆಯುವ ಉಪಕರಣವನ್ನು ಜೋಡಿಸಲು ಬರುವುದಿಲ್ಲ. ಫೈರ್‌ಫಾಕ್ಸ್‌ಗೆ ಬರುತ್ತದೆ. ರೇಮಂಡ್ ಹಿಲ್ ಎಂಬವರು ೨೦೧೪ರಿಂದ ಉಚಿತವಾಗಿ ಕೊಡುತ್ತಿರುವ 'ಯುಬ್ಲಾಕ್ ಒರಿಜಿನ್' ಅವುಗಳಲ್ಲಿ ಹೆಸರಾದುದು. ಹೆಸರನ್ನು ಪೂರ್ತಿಯಾಗಿ ಓದಿಯೇ ಹಾಕಿಕೊಳ್ಳಬೇಕು. ಹೋಲುವ ಹೆಸರಿನ ನಕಲಿಗಳೂ ಉಂಟು. ಬ್ರೇವ್ ಎಂಬ ಬ್ರೌಸರಿನಲ್ಲಿ ಇಂಥ ತಡೆ ಹುಟ್ಟಿನಿಂದಲೇ ಇದೆ. ಐಫೋನ್ ಇರುವವರು ಸಫಾರಿ ಬ್ರೌಸರಿಗೆ ತಡೆಯ ಆ್ಯಪ್‌ಗಳನ್ನು ಜೋಡಿಸಿಕೊಳ್ಳಬಹುದು. ೨೦೧೫ರಿಂದ ಆ ಅನುಕೂಲವಿದೆ. ಮೇಜಿನ ಗಣಕದಲ್ಲಿ ಕ್ರೋಮ್ ಬಳಸುವವರಿಗೆ ಒಂದು ಸೂಚನೆ: ಗೂಗಲ್ ತನ್ನ ನಿಯಮಗಳನ್ನು ಬದಲಾಯಿಸಿದ್ದರಿಂದ ಯುಬ್ಲಾಕ್‌ನ ಪೂರ್ಣ ರೂಪ ಅಲ್ಲಿ ನಿಂತುಹೋಗಿ, 'ಲೈಟ್' ಎಂಬ ಹಗುರ ರೂಪ ಮಾತ್ರ ಉಳಿದಿದೆ.

ಮೂರನೆಯದಾಗಿ, ಹರಾಜಿನಲ್ಲಿ ಅಕ್ಕನನ್ನು ಗುರುತಿಸುವ ಸಂಖ್ಯೆಯನ್ನು ಅಳಿಸಿದೆವು. ಆಂಡ್ರಾಯ್ಡ್ ಫೋನಿಗೆ ಜಾಹೀರಾತುದಾರರಿಗಾಗಿಯೇ ಒಂದು ಗುರುತು ಸಂಖ್ಯೆ ಇರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಎಂಬಲ್ಲಿ ಅದನ್ನು ಅಳಿಸಬಹುದು. ಐಫೋನಿನಲ್ಲಿ ೨೦೨೧ರ ಏಪ್ರಿಲ್‌ನಿಂದ, ಇತರ ತಾಣಗಳಲ್ಲಿಯೂ ನಿಮ್ಮನ್ನು ಹಿಂಬಾಲಿಸಬೇಕಾದರೆ ಪ್ರತಿ ಆ್ಯಪ್ ನಿಮ್ಮನ್ನು ಕೇಳಲೇಬೇಕು; 'ಬೇಡ' ಎಂದು ಒತ್ತಿದರೆ ಸಾಕು.

ನಾಲ್ಕನೆಯದು, ಮಕ್ಕಳಿರುವ ಮನೆಗೆ ಮುಖ್ಯ. ಗೂಗಲ್ ಖಾತೆಯಲ್ಲಿ 'ಮೈ ಆ್ಯಡ್ ಸೆಂಟರ್' ಎಂಬ ಸ್ಥಳವಿದೆ. ಅಲ್ಲಿ ಮದ್ಯ, ಜೂಜು, ಸಂಗಾತಿ ಹುಡುಕಾಟ, ತೂಕ ಇಳಿಸುವಿಕೆ ಮುಂತಾದ ವಿಷಯಗಳ ಜಾಹೀರಾತು ಕಡಿಮೆಯಿರಲಿ ಎಂದು ಹೇಳಬಹುದು. ಗೂಗಲ್ ಮೂಲಕ ಬರುವವು ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಮಕ್ಕಳಿಗೆ ಒಂದು ಮಾತನ್ನು ಮೊದಲೇ ಹೇಳಿಡುವುದು ಒಳ್ಳೆಯದು: "ನೀನು ಕರೆಯದೆ ಕೆಟ್ಟ ಚಿತ್ರ ಬಂದರೆ ತಪ್ಪು ನಿನ್ನದಲ್ಲ, ಫೋನು ತಿರುಗಿಸಿಟ್ಟು ನನ್ನ ಹತ್ತಿರ ಬಾ." ಬೈಗುಳದ ಭಯವಿರುವ ಮಗು ಚಿತ್ರವನ್ನಲ್ಲ, ಸಂಗತಿಯನ್ನೇ ಮುಚ್ಚಿಡುತ್ತದೆ.

ಐದನೆಯದು: ಬ್ರೌಸರನ್ನು ತೆರೆಯದಿದ್ದರೂ ಪರದೆಯ ತುಂಬ ಜಾಹೀರಾತು ಬರುತ್ತಿದ್ದರೆ, ಕಳ್ಳ ಮನೆಯೊಳಗೇ ಇದ್ದಾನೆಂದು ತಿಳಿಯಬೇಕು. ಬಹುಶಃ ಯಾವುದೋ ಉಚಿತ ಆ್ಯಪ್‌ನ ಕೆಲಸ ಅದು. ಟಾರ್ಚು, ಗೋಡೆಚಿತ್ರ, ಫೋನು ಶುದ್ಧಿ ಮಾಡುವುದು ಮುಂತಾದ ಹೆಸರಿನಲ್ಲಿ ಇತ್ತೀಚೆಗೆ ಸೇರಿಕೊಂಡವನ್ನು ಒಂದೊಂದಾಗಿ ತೆಗೆದು ನೋಡಬೇಕು. ಅಕ್ಕನ ಫೋನಿನಲ್ಲಿ ಅಂಥ ನಾಲ್ಕು ಇದ್ದವು. ತೆಗೆದ ಮೇಲೆ ಫೋನಿನ ಬ್ಯಾಟರಿ ಸಂಜೆಯವರೆಗೂ ಬರತೊಡಗಿತು ಎಂದು ಭಾವನವರು ಆಮೇಲೆ ತಿಳಿಸಿದರು.

ಇಷ್ಟಾಗಿಯೂ ಯಾವನಾದರೂ ನುಸುಳಿದರೆ, ಅವನ ಜೊತೆ ವಾದ ಬೇಡ. ಮೂಲೆಯ ಚಿಹ್ನೆಯನ್ನು ಹುಡುಕುವುದೂ ಬೇಡ. ಬ್ರೌಸರಿನ ಆ ಪುಟವನ್ನೇ ಮುಚ್ಚಿಬಿಡುವುದು ಸರಿಯಾದ ದಾರಿ.

ಇದು ಅನ್ನ ಕಸಿದಂತಲ್ಲವೇ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯುಂಟು. ಅಂದು ಭಾವನವರೇ ಅದನ್ನು ಎತ್ತಿದರು. "ಪುಕ್ಕಟೆಯಾಗಿ ಓದುತ್ತೀರಿ, ಜಾಹೀರಾತನ್ನೂ ನೋಡುವುದಿಲ್ಲವೆನ್ನುತ್ತೀರಿ. ಬರೆಯುವವನು ಏನು ತಿನ್ನಬೇಕು?" ಎಂದರು. ಜಾಹೀರಾತಿನ ಹಣವನ್ನು ನಂಬಿದ ಪತ್ರಿಕಾ ವ್ಯವಸಾಯದಲ್ಲಿಯೇ ಬದುಕುತ್ತಿರುವ ನಾನು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಎಲ್ಲರೂ ಎಲ್ಲ ಕಡೆಯೂ ತಡೆ ಹಾಕಿಕೊಂಡರೆ ದೊಡ್ಡವರು ಹೇಗೋ ಬದುಕುತ್ತಾರೆ; ಸಣ್ಣ ಕನ್ನಡ ತಾಣವೊಂದು, ಅಡಿಗೆಯನ್ನೋ ಇತಿಹಾಸವನ್ನೋ ಶ್ರದ್ಧೆಯಿಂದ ಬರೆಯುವ ಗೃಹಸ್ಥನೊಬ್ಬ, ಬಾಗಿಲು ಹಾಕಬೇಕಾದೀತು.

ಆದರೆ ಮನೆಗೆ ಬಂದ ಅತಿಥಿಗೆ ಊಟ ಹಾಕುವೆನೆಂದು ಕರೆದು, ಹಿತ್ತಲಿನಿಂದ ಜೇಬುಗಳ್ಳನನ್ನೂ ಬಿಡುವುದು ಯಾವ ನ್ಯಾಯ? ಅಮೆರಿಕದ ಎಫ್.ಬಿ.ಐ. ಪೊಲೀಸ್ ಸಂಸ್ಥೆಯೇ ೨೦೨೨ರ ಡಿಸೆಂಬರಿನಲ್ಲಿ, ಹುಡುಕುವ ತಾಣಗಳಲ್ಲಿ ವಂಚಕರು ಹೆಸರಾಂತ ಸಂಸ್ಥೆಗಳ ವೇಷದಲ್ಲಿ ಜಾಹೀರಾತು ಕೊಡುತ್ತಿರುವುದನ್ನು ಎತ್ತಿ ಹೇಳಿ, ಜಾಹೀರಾತು ತಡೆಯುವ ಉಪಕರಣವನ್ನು ಬಳಸಿರೆಂದು ಜನರಿಗೆ ಸಲಹೆ ಕೊಟ್ಟಿತು. ಆತ್ಮರಕ್ಷಣೆಗೆ ಬಾಗಿಲು ಹಾಕಿಕೊಳ್ಳುವುದು ಅಪರಾಧವಲ್ಲ.

ಆದುದರಿಂದ ನಾವು ಒಂದು ಮಧ್ಯಮಾರ್ಗವನ್ನು ಒಪ್ಪಿಕೊಂಡೆವು. ಪುಟದ ಅಂಚಿನಲ್ಲಿ ಸಭ್ಯವಾಗಿ ಕೂರುವ ಜಾಹೀರಾತುಗಳಿರುವ, ನಮಗೆ ಪ್ರಿಯವಾದ ನಾಲ್ಕೈದು ತಾಣಗಳಿಗೆ ತಡೆಯನ್ನು ತೆಗೆದಿಟ್ಟೆವು. ಉಪಕರಣದಲ್ಲೇ ತಾಣಕ್ಕೊಂದು ಗುಂಡಿಯಿದೆ. ಅಕ್ಕ ದಿನವೂ ಓದುವ ಪತ್ರಿಕೆಗೆ ವರ್ಷದ ಚಂದಾ ಕಟ್ಟಿದೆವು. ಓದಿದ್ದಕ್ಕೆ ನಾವೇ ಬೆಲೆ ಕೊಟ್ಟರೆ ನಮ್ಮನ್ನು ಹರಾಜಿಗಿಡುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಾನೂನು ಏನೆನ್ನುತ್ತದೆ?

ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ ಇಂದು ನಿನ್ನೆಯ ಅಪರಾಧವಲ್ಲ. ಔಷಧಿಗಳು ಹಾಗೂ ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಅಧಿನಿಯಮ ಬಂದದ್ದು ೧೯೫೪ರಲ್ಲಿ. ಯಾವ ಯಾವ ರೋಗಗಳಿಗೆ ಔಷಧಿಯುಂಟೆಂದು ಸಾರಬಾರದೋ ಅವುಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಎಂದರೆ ಅಕ್ಕ ಹುಟ್ಟುವ ಮೊದಲೇ ಆಕೆಯ ರಕ್ಷಣೆಗೆ ಕಾನೂನು ಹುಟ್ಟಿತ್ತು!

ಆಮೇಲಿನ ಕಾನೂನುಗಳೂ ಇವೆ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಕೇಂದ್ರ ಪ್ರಾಧಿಕಾರವು ತಪ್ಪುದಾರಿಗೆಳೆಯುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ ೫೦ ಲಕ್ಷದವರೆಗೆ ದಂಡ ಹಾಕಬಹುದು. ೨೦೨೩ರ ನವೆಂಬರಿನಲ್ಲಿ ಅದೇ ಪ್ರಾಧಿಕಾರವು ಗಿರಾಕಿಯನ್ನು ಬಲೆಗೆ ಕೆಡಹುವ ೧೩ ಬಗೆಯ ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಸುದ್ದಿಯ ವೇಷದ ಜಾಹೀರಾತು, ಸುಳ್ಳು ಅವಸರ ಹುಟ್ಟಿಸುವುದು, ವೈರಸ್ ಇದೆಯೆಂದು ಹೆದರಿಸುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು.

ಕಾನೂನು ಕಾಗದದ ಮೇಲೆ ಮಲಗಿದೆಯೆಂದು ಗೊಣಗುವುದು ಸುಲಭ. ಅದನ್ನು ಎಬ್ಬಿಸಬೇಕಾದವರು ದೂರುವವರು. ವಸ್ತು ಕೊಂಡು ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಕರೆ ಮಾಡಬಹುದು. ಖಾತೆಯಿಂದ ಹಣ ವಂಚನೆಯಾಗಿದ್ದರೆ ೧೯೩೦ಕ್ಕೆ ಕೂಡಲೇ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಡೆಯಲು ಇಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಜಾಹೀರಾತಿನಲ್ಲಿಯೇ ತಪ್ಪಿದ್ದರೆ, ೧೯೮೫ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಲಿಗೂ ಬರೆಯಬಹುದು. ಪರದೆಯ ಚಿತ್ರವನ್ನು, ದಿನಾಂಕವನ್ನು, ತಾಣದ ಹೆಸರನ್ನು ಮೊದಲು ಉಳಿಸಿಟ್ಟುಕೊಳ್ಳುವುದನ್ನು ಮರೆಯಬಾರದು. ಹರಾಜಿನಲ್ಲಿ ಬಂದ ಜಾಹೀರಾತು ಮರುಗಳಿಗೆ ಮಾಯವಾಗಿ, ಸಾಕ್ಷಿಯೇ ಇಲ್ಲದಂತಾಗುತ್ತದೆ.

ಅಕ್ಕ ದೂರು ಕೊಟ್ಟಳು. ಸೀಸೆಗಳಿಗೆ ತೆತ್ತ ೨,೯೯೭ ರೂಪಾಯಿ ಇನ್ನೂ ಮರಳಿ ಬಂದಿಲ್ಲ. ಬರುವುದೆಂದು ಆಕೆ ಕಾದೂ ಇಲ್ಲ. ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ ಹಾಕಿದ ನೋಂದಾಯಿತ ಪತ್ರ "ಇಂಥವರು ಇಲ್ಲಿಲ್ಲ" ಎಂಬ ಷರಾದೊಂದಿಗೆ ಹಿಂತಿರುಗಿತಂತೆ.

ನಮ್ಮ ಪಾಲಿನ ತಪ್ಪು

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಹೇಳದಿದ್ದರೆ ಬರೆದದ್ದು ಅಪ್ರಾಮಾಣಿಕವಾಗುತ್ತದೆ. ಆ ಫೋನನ್ನು ಅಕ್ಕನ ಅರವತ್ತನೆಯ ವರ್ಷಕ್ಕೆ ಕೊಡಿಸಿದವನು ನಾನೇ. ಮಗಳೊಂದಿಗೆ ಮುಖ ನೋಡಿ ಮಾತನಾಡುವುದನ್ನು ಕಲಿಸಿದೆ, ಫೋಟೋ ಕಳಿಸುವುದನ್ನು ಕಲಿಸಿದೆ, ವಿದ್ಯುತ್ ಬಿಲ್ಲು ಕಟ್ಟುವುದನ್ನೂ ಕಲಿಸಿದೆ. ಒಂದು ಪುಟದಲ್ಲಿ ಯಾವುದು ಲೇಖನ, ಯಾವುದು ಜಾಹೀರಾತು, ಅದು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ. ನನಗೆ ಅದು ಹೇಳಬೇಕಾದ ಸಂಗತಿಯೆಂದೇ ತೋರಿರಲಿಲ್ಲ. ಹೊಸ ಊರಿಗೆ ಹಿರಿಯರನ್ನು ಕರೆತಂದು, ಮನೆ ತೋರಿಸಿ, ದೇವಸ್ಥಾನದ ದಾರಿ ತೋರಿಸಿ, ಸಂತೆಯ ಜೇಬುಗಳ್ಳರ ವಿಷಯ ಹೇಳದೆ ಬಿಟ್ಟಂತಾಯಿತು. ಆಮೇಲೆ "ಹೇಗೆ ನಂಬಿದೆ?" ಎಂದು ಅವರನ್ನೇ ಕೇಳುವುದು ಎಷ್ಟು ಸರಿ?

ಮೋಸಹೋದ ಹಿರಿಯರಿಗೆ ಹಣದ ನಷ್ಟಕ್ಕಿಂತ ನಾಚಿಕೆಯೇ ದೊಡ್ಡದು. ಭಾವನವರು ಕೇಳದಿದ್ದರೆ, ನಾನು ಅಂದು ಹೋಗದಿದ್ದರೆ, ಅಕ್ಕ ಆ ಸೀಸೆಗಳನ್ನು ಮುಗಿಸಿಯೇ ತೀರುತ್ತಿದ್ದಳು. ಆದ್ದರಿಂದ ವಾಚಕರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಭಾನುವಾರ ನಿಮ್ಮ ಮನೆಯ ಹಿರಿಯರ ಫೋನನ್ನು, ಅವರ ಅನುಮತಿ ಕೇಳಿ, ಅವರ ಪಕ್ಕದಲ್ಲೇ ಕುಳಿತು, ಒಂದು ಗಂಟೆ ನೋಡಿರಿ. ನಗಬೇಡಿರಿ, ನಕ್ಕರೆ ಮುಂದಿನ ಸಲ ತೋರಿಸುವುದಿಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಸಕ್ಕರೆ ೧೪೨ಕ್ಕೆ ಇಳಿದಿದೆಯಂತೆ. ಪಕ್ಕದ ಮನೆಯಾಕೆಗೆ ಮಂಡಿನೋವಿನ ಎಣ್ಣೆಯ ಜಾಹೀರಾತು ಬರುತ್ತಿದೆಯೆಂದು ತಿಳಿದು, ತಾನೇ ಹೋಗಿ ಮೂವತ್ತನಾಲ್ಕು ತಾಣಗಳ ಅನುಮತಿ ಕಿತ್ತು ಬಂದಳಂತೆ. "ನನಗಿಂತ ಏಳು ಹೆಚ್ಚು ಕಣೋ" ಎಂದಳು. ಲೆಕ್ಕದ ಮೇಷ್ಟ್ರ ದನಿ ಮರಳಿ ಬಂದಿತ್ತು.

"ಆ ಹಸಿರು ಸೀಸೆಗಳನ್ನು ಏನು ಮಾಡಿದೆ?" ಎಂದು ಕೇಳಿದೆ.

"ಒಂದನ್ನು ದೂರಿಗೆ ಸಾಕ್ಷಿಯಾಗಿ ಇಟ್ಟಿದ್ದೇನೆ. ಉಳಿದವು ಹೋದವು. ಡಬ್ಬಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಇದೆ, ಯೋಚನೆ ಮಾಡಬೇಡ" ಎಂದಳು.